ಪಕ್ಕದ ಸೀಟಿನ ಪಟ್ಟಿ

ಕಮಲಾಪುರದ ಮನೆಯಲ್ಲಿ ಗೋಪಾಲ ರಟ್ಟಿನ ಡಬ್ಬಿ ತೆರೆದು, ಗೇಣುದ್ದದ ಫಿಯೆಟ್ ಕಾರೊಂದನ್ನು ಇಕ್ಬಾಲ್ ಬೇಗಂ ಅವರ ಮುಂದೆ ಚಾಪೆಯ ಮೇಲಿಟ್ಟ. ಅವರ ಮಗ ಮಕ್ಸೂದ್ ತಾಯಿಯ ಮುಖ ನೋಡುವ ಧೈರ್ಯವಿಲ್ಲದೆ ಅಂಗಳದ ಕೋಳಿಗಳನ್ನು ನೋಡುತ್ತ ಕೂತಿದ್ದ.

ಮಕ್ಸೂದನದು ಕಲಬುರಗಿಯ ಕೋಟೆಯ ಹತ್ತಿರ ಗ್ಯಾರೇಜು. ಗೋಪಾಲ ಅದೇ ಊರಿನ ಕಚೇರಿಯೊಂದರಲ್ಲಿ ನಕ್ಷೆ ಬಿಡಿಸುವವನು. ಬಿಡುವಿನಲ್ಲಿ ಪುಟ್ಟ ಕಾರುಗಳನ್ನು ಮಾಡುವುದು ಅವನ ಹುಚ್ಚು. ಮುಂದಿನ ತಿಂಗಳು ಹೈದರಾಬಾದಿನ ಆಚೆ ಮಣ್ಣುದಾರಿಯಲ್ಲಿ ನಡೆಯುವ ರೇಸಿಗೆಂದು ಗೆಳೆಯರಿಬ್ಬರೂ ಸೇರಿ ಹಳೆಯ ಫಿಯೆಟ್ ಒಂದನ್ನು ಸಜ್ಜು ಮಾಡಿದ್ದರು. ಮಕ್ಸೂದ್ ಓಡಿಸುವುದು, ಗೋಪಾಲ ಪಕ್ಕದಲ್ಲಿ ಕೂತು ನಕ್ಷೆ ನೋಡಿ ತಿರುವು ಹೇಳುವುದು. ಎಲ್ಲ ತಯಾರಾಗಿತ್ತು, ತಾಯಿಯ ಒಪ್ಪಿಗೆಯೊಂದು ಬಿಟ್ಟು. ರೇಸು ಎಂಬ ಮಾತು ಕಿವಿಗೆ ಬಿದ್ದಾಗಿನಿಂದ ಇಕ್ಬಾಲ್ ಬೇಗಂ ಮಗನೊಂದಿಗೆ ಮಾತು ಬಿಟ್ಟಿದ್ದರು. ಹೇಳಿದರೆ ನಂಬುವವರಲ್ಲ, ತೋರಿಸಬೇಕು ಎಂದು ಗೋಪಾಲನೇ ಈ ಉಪಾಯ ಹೂಡಿದ್ದ. ನಿಜವಾದ ಗಾಡಿಯ ಒಳಗೆ ಏನೇನಿದೆಯೋ ಅದನ್ನೆಲ್ಲ ಇದ್ದದ್ದು ಇದ್ದ ಹಾಗೆ ಈ ಪುಟ್ಟ ಗಾಡಿಯೊಳಗೆ ಕೂಡಿಸಿದ್ದ.

ಅವನು ಕಾರಿನ ಟಾಪು ಎತ್ತಿ ಒಂದೊಂದಾಗಿ ವಿವರಿಸಿದ. ಸೈಕಲ್ ಕಡ್ಡಿ ಬಾಗಿಸಿ ಬೆಸೆದ ಪಂಜರ. ಗಾಡಿ ಉರುಳಿದರೂ ತಗಡು ತಲೆಗೆ ತಾಗದು. ಪೆನ್ನಿನ ರಿಫಿಲ್ಲಿನ ತುಂಡಿಗೆ ಕೆಂಪು ಬಣ್ಣ ಬಳಿದು ಮಾಡಿದ ಬೆಂಕಿ ಆರಿಸುವ ಸಿಲಿಂಡರು. ಕಪ್ಪು ರಿಬ್ಬನ್ನನ್ನು ಸಣ್ಣಗೆ ಸೀಳಿ ಮಾಡಿದ ಸೀಟಿನ ಪಟ್ಟಿಗಳು, ಎರಡು ಹೆಗಲ ಮೇಲಿನಿಂದ, ಎರಡು ಸೊಂಟಕ್ಕೆ. ಅವುಗಳ ಬಕಲು ಗುಳಿಗೆ ಸುತ್ತಿ ಬರುವ ಬೆಳ್ಳಿಹಾಳೆಯದು. ಪಟ್ಟಿಯೊಳಗೆ ಕೂತ ಹೆಬ್ಬೆರಳುದ್ದದ ಡ್ರೈವರನಿಗೆ ಮಕ್ಸೂದನದೇ ದಪ್ಪ ಮೀಸೆ. ಅದನ್ನು ಕಂಡು ಇಕ್ಬಾಲ್ ಬೇಗಂ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಕ್ಕದ್ದು ಮಾತ್ರ ಕಣ್ಣಲ್ಲಿ ಕಂಡೇಬಿಟ್ಟಿತು. ಆಮೇಲೆ ಅವರೇ ಕೇಳತೊಡಗಿದರು. ಬೆಂಕಿ ಹತ್ತಿದರೆ ಆ ಸಿಲಿಂಡರು ಕೈಗೆ ಎಟಕುತ್ತದೆಯೋ? ಪಟ್ಟಿ ಬಿಚ್ಚುವುದು ಹೇಗೆ? ಗೋಪಾಲ ಹುರುಪಿನಿಂದ ಉತ್ತರ ಕೊಟ್ಟ. ಮಕ್ಸೂದ್ ಕೋಳಿಗಳನ್ನು ಬಿಟ್ಟು ಈ ಕಡೆ ತಿರುಗಿದ.

ಆಗ ಇಕ್ಬಾಲ್ ಬೇಗಂ ಕಾರನ್ನು ಎರಡೂ ಕೈಯಲ್ಲಿ ಎತ್ತಿ ತಲೆಕೆಳಗು ಮಾಡಿ, ಮೊರದಲ್ಲಿ ಜೋಳ ಕೇರುವವರ ಹಾಗೆ ಜೋರಾಗಿ ಅಲುಗಾಡಿಸಿದರು. ಡ್ರೈವರ್ ಕೂತಲ್ಲಿಂದ ಮಿಸುಕಲಿಲ್ಲ. ಪಕ್ಕದ ಸೀಟಿನಿಂದ ಮಾತ್ರ ಇನ್ನೊಬ್ಬ ಪುಟ್ಟ ಮನುಷ್ಯ ಜಾರಿ ಚಾಪೆಯ ಮೇಲೆ ಬಿದ್ದ. ಅವನಿಗೆ ಕನ್ನಡಕವಿತ್ತು.

"ಇಂವ ಯಾರು?" ಎಂದರು ಅವನನ್ನು ಅಂಗೈಯಲ್ಲಿಟ್ಟುಕೊಂಡು.

"ನಾನೇ ರೀ ಚಾಚಿ," ಎಂದ ಗೋಪಾಲ.

ಹೆಗಲ ಪಟ್ಟಿ ಡ್ರೈವರನಿಗಷ್ಟೇ ಕಡ್ಡಾಯ, ಪಕ್ಕದವನಿಗೆ ಸೊಂಟದ ಪಟ್ಟಿಯೊಂದೇ ಸಾಕೆಂದು ರೇಸಿನವರ ನಿಯಮವಿದೆ ಎಂದು ಅವನು ತಡವರಿಸುತ್ತ ಹೇಳಿದ. ನಿಜವಾದ ಗಾಡಿಯಲ್ಲಿರುವುದೂ ಅಷ್ಟೇ. ಇಲ್ಲಿ ಅಂಟು ಹಾಕಿ ಕೂರಿಸಿದ್ದರೆ ಸುಳ್ಳು ಹೇಳಿದಂತಾಗುತ್ತಿತ್ತು.

ಇಕ್ಬಾಲ್ ಬೇಗಂ ಆ ಪುಟ್ಟ ಮನುಷ್ಯನನ್ನು ಮತ್ತೆ ಪಕ್ಕದ ಸೀಟಿನಲ್ಲಿ ಕೂರಿಸಿದರು. "ಅವತ್ತು ಬಾಳೆಹಣ್ಣಿನ ಲಾರಿ ಪಲ್ಟಿ ಆದಾಗ ಡ್ರೈವರ್ ಉಳಕೊಂಡ," ಎಂದರು ಮೆಲ್ಲಗೆ. "ಅವನ ಕೈಯಾಗ ಹಿಡಕೊಳ್ಳಾಕ ಸ್ಟೇರಿಂಗ್ ಇತ್ತು. ಮಕ್ಸೂದನ ಅಬ್ಬಾ ಬಾಜೂಕ ಕುಂತಿದ್ರು."

ಮಕ್ಸೂದ್ ತಲೆ ತಗ್ಗಿಸಿದ. ತಂದೆ ಹೋದದ್ದು ಲಾರಿ ಉರುಳಿ ಎಂದಷ್ಟೇ ಅವನಿಗೆ ಗೊತ್ತಿತ್ತು. ಎಲ್ಲಿ ಕೂತಿದ್ದರೆಂದು ತಾಯಿ ಎಂದೂ ಹೇಳಿರಲಿಲ್ಲ.

ಮುಂದಿನ ಪ್ರಶ್ನೆ ಗೋಪಾಲನಿಗೆ ಬಂತು. ಈ ರೇಸಿನ ಸಂಗತಿ ಅವನ ತಾಯಿ ಜಾನಕೀಬಾಯಿಗೆ ಗೊತ್ತೋ? ಕಚೇರಿಯ ಕೆಲಸಕ್ಕೆ ಹೈದರಾಬಾದಿಗೆ ಹೋಗುವುದಾಗಿ ಹೇಳಿದ್ದೇನೆ ಎಂದು ಅವನು ಒಪ್ಪಿಕೊಳ್ಳಬೇಕಾಯಿತು. ಇಕ್ಬಾಲ್ ಬೇಗಂ ಅವನ ತಲೆಗೊಂದು ಮೊಟಕಿದರು.

"ನನ್ನ ಮಗನ ಜೀವಕ್ಕ ನಾಕು ಪಟ್ಟಿ ಬೇಕು, ನಿನ್ನ ಜೀವಕ್ಕ ಒಂದು ಸಾಕೇನು? ನೀ ಏನು ಪುಕ್ಕಟ ಹುಟ್ಟಿ ಬಂದಿಯೇನು ಬೇಟಾ?"

ಪಕ್ಕದ ಸೀಟಿಗೂ ಅಂಥವೇ ನಾಲ್ಕು ಪಟ್ಟಿ ಬೇಕು, ಜಾನಕೀಬಾಯಿಗೆ ಇದ್ದ ವಿಷಯ ಇದ್ದ ಹಾಗೆ ತಿಳಿಯಬೇಕು, ಅಲ್ಲಿಯವರೆಗೆ ರೇಸಿನ ಹೆಸರು ತೆಗೆಯಬಾರದು ಎಂದು ತೀರ್ಮಾನ ಕೊಟ್ಟು, ಇಬ್ಬರಿಗೂ ಕೆಂಬಾಳೆಹಣ್ಣು ಕೊಟ್ಟು ಬಸ್ಸಿಗೆ ಕಳಿಸಿದರು. ಹೊಸಿಲು ದಾಟುವಾಗ ಮಕ್ಸೂದನಿಗೆ, ಕೂದಲು ಬೆಳೆದಿದೆ, ಕತ್ತರಿಸಿಕೋ ಎಂದರು. ಎಷ್ಟೋ ದಿನಗಳ ಮೇಲೆ ಅವರು ಮಗನಿಗೆ ಆಡಿದ ಮೊದಲ ಮಾತು ಅದು.

ಮಕ್ಸೂದ್ ಹೈದರಾಬಾದಿನಿಂದ ಗಟ್ಟಿ ಪಟ್ಟಿ ತರಿಸಿ, ಪಂಜರಕ್ಕೆ ಕೊಂಡಿ ಬೆಸೆದು ಪಕ್ಕದ ಸೀಟಿಗೂ ಬಿಗಿದ. ಗೋಪಾಲ ರಿಬ್ಬನ್ ಸೀಳಿ ಪುಟ್ಟ ಗಾಡಿಗೂ ಹಾಕಿದ. ಅವನು ನಿಜ ಹೇಳಿದಾಗ ಜಾನಕೀಬಾಯಿ ಮೊದಲು ಅತ್ತರು, ಆಮೇಲೆ ಸಿಟ್ಟಾದರು, ಕಡೆಗೆ ಆ ಕಾರನ್ನು ತರಿಸಿಕೊಂಡು ತಾವೂ ತಲೆಕೆಳಗು ಮಾಡಿ ಅಲುಗಾಡಿಸಿದರು. ಯಾರೂ ಬೀಳಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಇಕ್ಬಾಲ್ ಬೇಗಂ ಮೊದಲ ಬಸ್ಸಿಗೇ ಕಲಬುರಗಿಗೆ ಬಂದಿಳಿದರು. ಗ್ಯಾರೇಜಿನ ಮುಂದೆ ಗಾಡಿ ಎಂಜಿನ್ ಶುರುವಾಗಿ ಹೊರಡಲು ನಿಂತಿತ್ತು. ಮಗನ ಕಡೆ ಒಮ್ಮೆ ನೋಡಿ, ಸುತ್ತುಹಾಕಿ ಗೋಪಾಲನ ಕಡೆಯ ಬಾಗಿಲಿಗೆ ಬಂದರು. ಒಳಗೆ ಬಗ್ಗಿ, ಅವನ ಹೆಗಲ ಪಟ್ಟಿಗಳನ್ನು ಎರಡೂ ಕೈಯಿಂದ ಜಗ್ಗಿ ಬಿಗಿದರು. ಸಾಲದೆನಿಸಿ ಇನ್ನೊಮ್ಮೆ ಬಿಗಿದರು.

"ಚಾಚಿ, ಉಸುರಾಡಾಕ ಬರವಲ್ದು ರೀ," ಎಂದ ಗೋಪಾಲ.

"ಮಾತಾಡಾಕ ಬರ್ತದಲ್ಲ," ಎಂದರು ಅವರು ಬಾಗಿಲು ಹಾಕುತ್ತ. "ಅವಗ ದಾರಿ ಹೇಳಾಕ ಅಷ್ಟು ಸಾಕು."