ಒಂದು ಗೋಣಿ ಗೊಬ್ಬರ

ಮನೆ ಖಾಲಿ ಮಾಡುವ ದಿನವೂ ಕತ್ರೀನಾ ಹಿತ್ತಲ ಗೊಬ್ಬರದ ಗುಂಡಿಗಿಳಿದು ಬರಿಗೈಯಲ್ಲಿ ಗೋಣಿಗೆ ತುಂಬುತ್ತಿದ್ದಳು. "ಅದನ್ನೆಂತಕ್ಕೆ ಕೊಂಡೋಗುದು ಮಾರಾಯ್ತಿ? ಗುಂಡಿ ನಮ್ಮ ಜಾಗದ್ದಲ್ವಾ?" ಎಂದ, ಮನೆ ಬಾಡಿಗೆಗೆ ಕೊಟ್ಟಿದ್ದ ಗಿರಿಧರ.

"ಗುಂಡಿ ಇಲ್ಲೇ ಉಂಟಲ್ಲ, ಇಟ್ಟುಕೊಳ್ಳಿ. ಮರಗೆಣಸಿನ ಸಿಪ್ಪೆ, ಮೀನಿನ ಮುಳ್ಳು, ಗುಡ್ಡೆಯಿಂದ ಹೊತ್ತು ತಂದ ಸೊಪ್ಪು, ಎಲ್ಲ ನನ್ನದು. ಇದರಲ್ಲಿ ನಿಮ್ಮದೆಂತ ಉಂಟು, ಹೇಳಿ?"

ಗಿರಿಧರ ನಕ್ಕ. "ಬೆಳ್ಳಾರೆಯ ಮಾಳಿಗೆ ರೂಮಿಗೆ ಹೋಗುವವಳು ನೀನು. ಅಲ್ಲಿ ಹಾಕ್ಲಿಕ್ಕೆ ಅಂಗೈಯಗಲ ಜಾಗ ಉಂಟಾ?"

ಅವಳ ಕೈ ನಿಂತಿತು. ಬೆರಳ ಸಂದಿಯಿಂದ ಕಪ್ಪು ಗೊಬ್ಬರ ಹುಡಿಹುಡಿಯಾಗಿ ಉದುರಿತು. ಸ್ವಂತ ಅಂಗಳದ ಬಸಳೆಯ ಬುಡಕ್ಕೆ ಒಮ್ಮೆಯಾದರೂ ಇದನ್ನು ಹಾಕಬೇಕೆಂದು ಎಷ್ಟು ಆಸೆಯಿತ್ತು ಅವಳಿಗೆ! "ಇಲ್ಲ," ಎಂದಳು. ಗೋಣಿಯ ಬಾಯಿ ಬಿಗಿದು ತಲೆಗೇರಿಸಿದಳು. "ಜಾಗ ಆಗುವವರೆಗೆ ಮಂಚದಡಿಯಲ್ಲಿ ಇರ್ಲಿ."