ಗಿಟಾರ್ ಸುಮ್ಮನಿರುವ ಜಾಗ

"ಇಲ್ಲಿ ನೀನು ಸುಮ್ನಿರ್ಬೇಕು ಅಕ್ಕ," ಎಂದಳು ತಂಗಿ, ಮೈಕಿನಲ್ಲೇ. ಖಾಲಿ ಮೈದಾನದ ಆ ಕೊನೆಗೆ ಬಡಿದು ಮಾತು ಮತ್ತೊಮ್ಮೆ ಕೇಳಿಸಿತು.

ಅಕ್ಕ ತಂತಿಗಳ ಮೇಲೆ ಅಂಗೈ ಇಟ್ಟು ಸದ್ದು ಅಡಗಿಸಿದಳು. ಜ್ವರ ಬಿಟ್ಟು ಎದ್ದು ಬಂದ ಮೊದಲ ಮಧ್ಯಾಹ್ನ ಅದು. ಹಿಂದಿನ ಊರಿನಲ್ಲಿ ಅವಳು ಲಾಡ್ಜಿನ ಕೋಣೆಯಲ್ಲಿ ಕಂಬಳಿ ಹೊದ್ದು ನಡುಗುತ್ತಿದ್ದಾಗ ತಂಗಿಯೂ ಡ್ರಮ್ಮರೂ ಇಬ್ಬರೇ ವೇದಿಕೆ ಹತ್ತಿ ಹೇಗೋ ಕಾರ್ಯಕ್ರಮ ಮುಗಿಸಿಕೊಂಡು ಬಂದಿದ್ದರು. ಇರುವುದೇ ಮೂರು ಜನರ ಬ್ಯಾಂಡ್. ತಂಗಿ ಬೇಸ್ ಗಿಟಾರ್ ನುಡಿಸುತ್ತ ಹಾಡುತ್ತಾಳೆ, ಅಕ್ಕನದು ಗಿಟಾರ್. ಡ್ರಮ್ಮರನೂ ಅಕ್ಕನೂ ಪರಸ್ಪರ ಪ್ರೀತಿಸುತ್ತಿರುವುದು ವ್ಯಾನಿನ ಡ್ರೈವರಿಗೂ ಗೊತ್ತು. ಈ ಪ್ರವಾಸ ಮುಗಿದ ಮೇಲೆ ಇಬ್ಬರಿಗೂ ಒಂದು ಮನೆ ಹುಡುಕುವುದೆಂದು ಮಾತಾಗಿತ್ತು.

"ಸುಮ್ನಿರೋದು ಅಂದ್ರೆ? ಅಲ್ಲಿ ನನ್ನ ಸೋಲೋ ಇದೆಯಲ್ಲ."

"ಇತ್ತು. ಮೊನ್ನೆ ನೀನಿರ್ಲಿಲ್ಲ ಅಲ್ವಾ, ಏನ್ ಮಾಡೋದು ಅಂತ ತೋಚದೆ ಆ ಜಾಗ ಹಾಗೇ ಖಾಲಿ ಬಿಟ್ವಿ. ನಾನು ಬೇಸೂ ಬಿಟ್ಟೆ. ಬರೀ ದನಿ, ಬರೀ ಡ್ರಮ್ಸ್. ಜನ ಪಿಟ್ಟೆನ್ನದೆ ಕೇಳಿದ್ರು ಅಕ್ಕ. ಬೇಕಾದ್ರೆ ಇವನನ್ನ ಕೇಳು."

ಇವನನ್ನ. ಮೊನ್ನೆ ಮೊನ್ನೆಯವರೆಗೆ ತಂಗಿಯ ಬಾಯಲ್ಲಿ ಅವನು 'ಭಾವ' ಆಗಿದ್ದ. ರೇಗಿಸಲು ಶುರುಮಾಡಿದ್ದು ಅಭ್ಯಾಸವೇ ಆಗಿಹೋಗಿತ್ತು. ಭಾವ, ನೀರಿನ ಬಾಟಲಿ ಕೊಡು. ಭಾವ, ನಿನ್ನ ಗೊರಕೆಗೂ ಒಂದು ಮೈಕ್ ಇಡೋಣ. ತಾನು ಮಲಗಿದ್ದಾಗ ಭಾವ ಹೋಗಿ ಇವನು ಬಂದಿದ್ದ.

"ಚೆನ್ನಾಗಿ ಬಂತು," ಎಂದ ಡ್ರಮ್ಮರ್, ಸ್ಟ್ಯಾಂಡಿನ ತಿರುಪು ಬಿಗಿ ಮಾಡುತ್ತ. "ಒಂದ್ಸಲ ಕೇಳಿ ನೋಡು. ಇಷ್ಟ ಆಗ್ಲಿಲ್ಲ ಅಂದ್ರೆ ಹಳೇ ತರಾನೇ ಮಾಡಿದ್ರಾಯ್ತು." ಅವಳೊಡನೆ ಇಷ್ಟು ನಯವಾಗಿ ಅವನು ಮಾತಾಡಿದ್ದೇ ಇಲ್ಲ. ಸಂಗೀತದ ವಿಷಯ ಬಂದರೆ ಇಬ್ಬರೂ ಶರಂಪರ ಜಗಳಾಡುವವರು.

ವೇದಿಕೆಯ ಹಿಂದಿನ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಮೂಲೆ ಒಡೆದ ಒಂದು ಕನ್ನಡಿ. ತಂಗಿ ಗಂಟಲು ಸರಿಮಾಡಿಕೊಂಡಳು. ಕೇಳುವ ಮೊದಲೇ ಅವನು ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಸಿನೀರು ಬಗ್ಗಿಸಿಕೊಟ್ಟ. ಅವಳು ಕುಡಿದಳು, ಅವನು ಲೋಟ ತೆಗೆದಿಟ್ಟ, ಅಷ್ಟೇ. ಅಕ್ಕ ಸರಿಯಾಗಿಯೇ ಇದ್ದ ಗಿಟಾರನ್ನು ಮತ್ತೆ ಶ್ರುತಿ ಮಾಡಿದಳು. ಜ್ವರ ಏರಿದಾಗ ಹಣೆಗೆ ಒದ್ದೆ ಬಟ್ಟೆ ಹಾಕಿದ್ದು ಇವನೇ, ಅದರಲ್ಲಿ ಸುಳ್ಳಿಲ್ಲ. ಆದರೆ ಬಟ್ಟೆ ಹಿಂಡುತ್ತ ಅವನು ಗುನುಗುತ್ತಿದ್ದುದು ತಂಗಿಯ ಸಾಲುಗಳನ್ನು. ತನ್ನ ಹೊಟ್ಟೆಯಲ್ಲಿ ಕಿಚ್ಚು ಎದ್ದಿರುವುದಕ್ಕೆ ಅವಳಿಗೆ ನಾಚಿಕೆಯಾಯಿತು. ಅಮ್ಮ ಕೆಲಸಕ್ಕೆ ಹೋದಾಗ ತಾನೇ ಮುಖ ತೊಳೆಸಿ, ತಲೆ ಬಾಚಿ, ಕೈಹಿಡಿದು ಶಾಲೆಗೆ ಕರೆದೊಯ್ದ ಹುಡುಗಿ ಇದು. ನಾಚಿಕೆಯಾಯಿತು, ಕಿಚ್ಚು ಮಾತ್ರ ಆರಲಿಲ್ಲ.

ಇಳಿಬಿಸಿಲಿನಲ್ಲಿ ಮೈದಾನ ತುಂಬಿತು. ಆ ಹಾಡು ಬರುವ ಹೊತ್ತಿಗೆ ಅಕ್ಕ ತೀರ್ಮಾನಿಸಿಬಿಟ್ಟಿದ್ದಳು. ಯಾರು ಏನೇ ಹೇಳಲಿ, ತನ್ನ ಸೋಲೋ ತಾನು ನುಡಿಸುವವಳೇ, ಅದೂ ಕಿವಿ ಗಡಚಿಕ್ಕುವಂತೆ. ಗಿಟಾರಿನ ಸದ್ದು ಏರಿಸುವ ಪೆಡಲಿನ ಮೇಲೆ ಕಾಲಿಟ್ಟು, ಬೆರಳು ತಂತಿಗೆ ತಾಗಿಸಿ ನಿಂತಳು. ಬೇಸ್ ನಿಂತಿತು. ತಂಗಿಯ ದನಿ ಒಂಟಿಯಾಗಿ ಮೇಲೆದ್ದಿತು.

ಡ್ರಮ್ಸ್ ಮುಂದೆ ಕೂತರೆ ಅವನು ಯಾರಿಗೂ ಕಾಯುವವನಲ್ಲ. ಅವನ ತಾಳ ಓಡುತ್ತದೆ, ಬೇಕಾದವರು ಹಿಂದೆ ಓಡಿ ಬರಬೇಕು. ಇಷ್ಟು ವರ್ಷ ಅವಳು ಓಡಿದ್ದಳು, ಆ ಓಟದಲ್ಲೇ ಸುಖ ಕಂಡಿದ್ದಳು. ಈಗ ಸಾಲಿನ ಕೊನೆಯಲ್ಲಿ ತಂಗಿ ಉಸಿರು ಎಳೆದುಕೊಂಡಾಗ ಅವನ ಕೋಲು ಗಾಳಿಯಲ್ಲೇ ತಡೆಯಿತು. ಉಸಿರು ತುಂಬಿತು, ದನಿ ಹೊರಟಿತು, ಆಮೇಲೆ ಕೋಲು ಕೆಳಗಿಳಿಯಿತು. ಮುಂದಿನ ಸಾಲಿಗೂ ಹಾಗೆಯೇ. ಅದರ ಮುಂದಿನದಕ್ಕೂ.

ಅಕ್ಕ ಇಬ್ಬರ ಮುಖವನ್ನೂ ನೋಡಿದಳು. ತಂಗಿಯ ಕಣ್ಣು ಜನರ ಮೇಲಿತ್ತು. ಅವನು ಕಣ್ಣು ಮುಚ್ಚಿದ್ದ. ಕದ್ದು ನೋಡುವುದಾಗಲಿ, ನೋಟ ತಪ್ಪಿಸುವುದಾಗಲಿ ಏನೂ ಇಲ್ಲ. ಹಿಡಿದು ಕೇಳಬಹುದಾದ ಒಂದು ತಪ್ಪೂ ಇಲ್ಲ. ಅವರಿಗಿನ್ನೂ ಗೊತ್ತಿಲ್ಲ ಎಂದು ಅವಳಿಗೆ ಹೊಳೆಯಿತು. ಈ ಇಷ್ಟು ದೊಡ್ಡ ಮೈದಾನದಲ್ಲಿ ಗೊತ್ತಾಗಿರುವುದು ತನಗೊಬ್ಬಳಿಗೇ. ಬೆರಳು ತಂತಿಯ ಮೇಲೆ ಹಾಗೇ ಇತ್ತು. ಅವಳು ನುಡಿಸಲಿಲ್ಲ.

ಹಾಡು ಮುಗಿದು, ಚಪ್ಪಾಳೆ ಮುಗಿದು, ಕೋಣೆಗೆ ಬಂದೊಡನೆ ತಂಗಿ ಅವಳ ಎರಡೂ ಕೈ ಹಿಡಿದುಕೊಂಡಳು. "ಹೇಳು ಅಕ್ಕ, ಹೇಗಿತ್ತು?" ಅವನು ಬಾಗಿಲ ಬಳಿ ನಿಂತು ಟವಲಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದ.

"ಚೆನ್ನಾಗಿತ್ತು ಕಣೆ. ಇಷ್ಟು ಚೆನ್ನಾಗಿ ನಾವು ಯಾವತ್ತೂ ನುಡಿಸಿಲ್ಲ."

ತಂಗಿ ಅವಳನ್ನು ತಬ್ಬಿಕೊಂಡಳು. ಬೆವರಿನಲ್ಲಿ ತೊಯ್ದ ಆ ಬೆನ್ನನ್ನು ಅಕ್ಕ ಸವರಿದಳು.

"ನಾಳೆಯಿಂದ ಆ ಜಾಗದಲ್ಲಿ ನಾನೂ ನುಡಿಸ್ತೀನಿ."

"ಯಾಕೆ? ಈಗ ತಾನೆ ಚೆನ್ನಾಗಿತ್ತು ಅಂದೆ."

"ಅದಕ್ಕೇ," ಎಂದಳು ಅಕ್ಕ.

ತಂಗಿಗೆ ಏನೂ ಅರ್ಥವಾಗಲಿಲ್ಲ. ಬಾಗಿಲ ಬಳಿ ಟವಲು ಹಿಡಿದ ಕೈ ಅಲ್ಲೇ ನಿಂತಿತು.