ಅಣ್ಣ ಅಂಟಿಸಿದ ಟೇಪು

"ನಿನ್ನ ಕೈಗೆ ಕ್ಯಾಮೆರಾ ಕೊಟ್ಟಿದ್ದೇ ನನ್ನ ತಪ್ಪು!" ಅಣ್ಣ ಸ್ಟುಡಿಯೋ ಬಾಗಿಲಲ್ಲೇ ನಿಂತು ಕೂಗಾಡುತ್ತಿದ್ದ. ತಂಗಿ ಮೊದಲ ಸಲ ಒಬ್ಬಳೇ ಹೋಗಿದ್ದ ಮದುವೆಯಲ್ಲಿ ಆಟೋಫೋಕಸ್ ಕೈಕೊಟ್ಟು, ಮುಖಗಳೆಲ್ಲ ಮಬ್ಬಾಗಿ ಬಂದಿದ್ದವು. "ಇನ್ಮೇಲೆ ಆಲ್ಬಮ್ ಅಂಟಿಸ್ಕೊಂಡು ಬಿದ್ದಿರು."

ಅವಳು ಲೆನ್ಸ್ ಒರೆಸಿದಳು, ಬ್ಯಾಟರಿ ಬದಲಿಸಿದಳು, ಲೆನ್ಸನ್ನು ಬೇರೆ ಕ್ಯಾಮೆರಾಕ್ಕೂ ಹಾಕಿ ನೋಡಿದಳು. ಜಪ್ಪಯ್ಯ ಅಂದರೂ ಫೋಕಸ್ ಅಲುಗಲಿಲ್ಲ. ಉಳಿದದ್ದು ಲೆನ್ಸಿನ ಪಕ್ಕದ ಸ್ವಿಚ್ಚೊಂದೇ: ಆಟೋದಲ್ಲಿಟ್ಟರೆ ಫೋಕಸ್ ತಾನೇ ಕೂರುತ್ತದೆ, ಮ್ಯಾನುಯಲ್‌ನಲ್ಲಿಟ್ಟರೆ ಕೈಯಲ್ಲೇ ತಿರುಗಿಸಬೇಕು. ಅದು ಆಟೋದಿಂದ ಜಾರಬಾರದೆಂದು, ಅವಳು ಹೊರಡುವಾಗ ಅಣ್ಣನೇ ಮೇಲೆ ಕಪ್ಪು ಟೇಪು ಅಂಟಿಸಿಕೊಟ್ಟಿದ್ದ. ಅಣ್ಣ ಅಂಟಿಸಿದ್ದನ್ನು ಕೀಳಬೇಕೆಂದು ಈವರೆಗೆ ಅವಳಿಗೆ ಅನ್ನಿಸಿರಲೇ ಇಲ್ಲ.

ಉಗುರು ಟೇಪಿನ ಅಂಚಿಗೆ ತಾಗಿದ್ದೇ ತಡ, ಬಾಗಿಲಲ್ಲಿ ಕೂಗಾಟ ನಿಂತಿತು. "ಬಿಡೇ, ರಿಪೇರಿಗೆ ಕೊಡೋಣ. ಅದನ್ಯಾಕೆ ಕೀಳ್ತೀಯಾ?" ಅಣ್ಣನ ದನಿ ಮೆತ್ತಗಾಗಿತ್ತು.

ಟೇಪು ಪರ್ರನೆ ಕಿತ್ತುಬಂತು. ಅದರಡಿ ಸ್ವಿಚ್ಚು ಮ್ಯಾನುಯಲ್‌ನಲ್ಲಿ ಗಟ್ಟಿಯಾಗಿ ಕೂತಿತ್ತು.